ಫಾರ್ಮಸಿ ಮೊದಲ ವರ್ಷ: ಪಂಪಿನ ಲೆಕ್ಕ ಬರುವವರಿಗೆ ಲ್ಯಾಬಿನ ಲೆಕ್ಕವೂ ಬರುತ್ತದೆ

ಬಾಗಲಕೋಟೆಯಲ್ಲಿ ಫಾರ್ಮಸಿ ಮೊದಲ ವರ್ಷದವರಿಗೆ ಪಾಠ ಮಾಡುವ ನನಗೆ ಲ್ಯಾಬಿನ ಮೊದಲ ವಾರ ಪ್ರತಿ ವರ್ಷವೂ ಒಂದೇ ಥರ. "0.1 ಗ್ರಾಂ ಅಂದರೆ ಎಷ್ಟು ಮಿಲಿಗ್ರಾಂ?" ಎಂದು ಕೇಳುತ್ತೇನೆ. ಇಡೀ ಬ್ಯಾಚ್ ನೆಲ ನೋಡುತ್ತದೆ. ಒಬ್ಬರು 10 ಅನ್ನುತ್ತಾರೆ, ಇನ್ನೊಬ್ಬರು 1000 ಅನ್ನುತ್ತಾರೆ.

ಒಮ್ಮೆ ಜಮಖಂಡಿ ಕಡೆಯ ಹುಡುಗನೊಬ್ಬ ಹೀಗೇ ತಲೆ ತಗ್ಗಿಸಿ ನಿಂತಿದ್ದ. ಅವರ ಮನೆಯಲ್ಲಿ ದ್ರಾಕ್ಷಿ ತೋಟ ಇದೆ ಅಂತ ನನಗೆ ಗೊತ್ತಿತ್ತು. ಬೆಳೆಗೆ ಪಂಪಿನಲ್ಲಿ ಸಿಂಪಡಿಸುವ ಔಷಧಿಗೆ ನಮ್ಮ ಕಡೆ ಎಣ್ಣಿ ಅನ್ನುತ್ತಾರೆ. "ತಮ್ಮಾ, ಲೀಟರಿಗೆ 2 ಎಂಎಲ್ ಎಣ್ಣಿ ಅಂತ ಬಾಟಲಿ ಮ್ಯಾಲ ಬರದಿದ್ರ, 16 ಲೀಟರ್ ಪಂಪಿಗೆ ಎಷ್ಟ್ ಹಾಕ್ತಿ?" ಅಂದೆ.

"32 ರೀ ಸರ್." ಯೋಚನೆಯನ್ನೇ ಮಾಡಲಿಲ್ಲ.

"ಅದು ಎಷ್ಟು ಪರ್ಸೆಂಟ್ ದ್ರಾವಣ ಆತು?"

ಮತ್ತೆ ನೆಲ.

ಅವನಿಗೆ ಲೆಕ್ಕ ಬರುತ್ತಿತ್ತು. ಪುಸ್ತಕದಲ್ಲಿ ಆ ಲೆಕ್ಕಕ್ಕೆ ಏನು ಹೆಸರು ಅಂತ ಮಾತ್ರ ಗೊತ್ತಿರಲಿಲ್ಲ. ಮೊದಲ ವರ್ಷ ಕಷ್ಟಪಡುವ ಮುಕ್ಕಾಲು ಮಂದಿಯ ಕತೆ ಇದೇ ಅಂತ ನನ್ನ ಅನಿಸಿಕೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ದಿನಕ್ಕೆ 40 ನಿಮಿಷ ಕೊಡಿ, ಆರು ವಾರ ಸಾಕು. ಬೀಳಗಿ, ಗುಳೇದಗುಡ್ಡ, ಮುಧೋಳದಿಂದ ದಿನಾ ಬಸ್ಸಿನಲ್ಲಿ ಬರುವವರಿಗೆ ಅರ್ಧ ಸಮಯ ಅಲ್ಲೇ ಸಿಗುತ್ತದೆ.

ಪಿಯುಸಿ ಪುಸ್ತಕವನ್ನು ಮೊದಲ ಪುಟದಿಂದ ತೆರೆಯಬೇಡಿ

ಬಿ.ಫಾರ್ಮ್ ಮೊದಲ ಸೆಮಿಸ್ಟರಿನಲ್ಲಿ ಒಂದು ರೆಮಿಡಿಯಲ್ ವಿಷಯ ಇರುತ್ತದೆ. ಪಿಯುಸಿಯಲ್ಲಿ ಬಯಾಲಜಿ ಓದದವರಿಗೆ ರೆಮಿಡಿಯಲ್ ಬಯಾಲಜಿ, ಗಣಿತ ಓದದವರಿಗೆ ರೆಮಿಡಿಯಲ್ ಮ್ಯಾಥಮೆಟಿಕ್ಸ್. ಇದರ ಪರೀಕ್ಷೆ ಕಾಲೇಜಿನಲ್ಲೇ ನಡೆಯುತ್ತದೆ, ಯೂನಿವರ್ಸಿಟಿ ಪರೀಕ್ಷೆ ಇಲ್ಲ. ಹಾಗಾಗಿ ತುಂಬಾ ಮಂದಿ ಪಾಸಾದರೆ ಸಾಕು ಅಂತ ಬಿಡುತ್ತಾರೆ. ಬಿಡಬೇಡಿ. ಆದರೆ ಆ ಗಣಿತದ ಸಿಲಬಸ್ ನೋಡಿ ಹೆದರಲೂ ಬೇಡಿ. ಅದರಲ್ಲಿ ಡೆಟರ್ಮಿನೆಂಟ್, ಇಂಟಿಗ್ರೇಶನ್, ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ತನಕ ಎಲ್ಲ ಇದೆ. ನಾಳೆ ಲ್ಯಾಬಿನಲ್ಲಿ ನಿಮ್ಮನ್ನು ಕಾಡುವುದು ಲಾಪ್ಲಾಸ್ ಅಲ್ಲ, ಏಳನೇ ತರಗತಿಯ ದಶಮಾಂಶ. ಡಿ.ಫಾರ್ಮ್‌ನವರಿಗೆ ರೆಮಿಡಿಯಲ್ ಅನ್ನುವುದೇ ಇಲ್ಲ, ಆದರೆ ದಶಮಾಂಶ ಅವರನ್ನೂ ಬಿಡುವುದಿಲ್ಲ.

ಮೊದಲು ಎಲ್ಲಿ ತೂತು ಇದೆ ಅಂತ ನೋಡಿಕೊಳ್ಳಿ. ಮೊಬೈಲ್ ಬದಿಗಿಡಿ. 15 ನಿಮಿಷ ಇಟ್ಟುಕೊಂಡು ಕ್ಯಾಲ್ಕ್ಯುಲೇಟರ್ ಇಲ್ಲದೆ ಇವನ್ನು ಮಾಡಿ:

1. 0.25 ಗ್ರಾಂ = ಎಷ್ಟು ಮಿಲಿಗ್ರಾಂ?
2. 75 ಮೈಕ್ರೋಗ್ರಾಂ = ಎಷ್ಟು ಮಿಲಿಗ್ರಾಂ?
3. 3/4 ÷ 1/8 = ?
4. 5 ಪರ್ಸೆಂಟ್ ಡೆಕ್ಸ್ಟ್ರೋಸ್, 500 ಎಂಎಲ್ ಬಾಟಲಿ. ಒಳಗೆ ಎಷ್ಟು ಗ್ರಾಂ ಡೆಕ್ಸ್ಟ್ರೋಸ್?
5. 10ರ ಘಾತ 5 × 10ರ ಘಾತ −3 = ?
6. ಅಲ್ಯೂಮಿನಿಯಂ ವೇಲೆನ್ಸಿ 3, ಹೈಡ್ರಾಕ್ಸೈಡ್ ವೇಲೆನ್ಸಿ 1. ಅಲ್ಯೂಮಿನಿಯಂ ಹೈಡ್ರಾಕ್ಸೈಡಿನಲ್ಲಿ ಯಾವುದು ಎಷ್ಟು?
7. ಸಣ್ಣ ಕರುಳಿನಿಂದ ಹೊರಟ ರಕ್ತ ಮೊದಲು ಯಾವ ಅಂಗಕ್ಕೆ ಹೋಗುತ್ತದೆ?

ಉತ್ತರ: 250, 0.075, 6, 25 ಗ್ರಾಂ, 100, ಒಂದು ಅಲ್ಯೂಮಿನಿಯಂಗೆ ಮೂರು ಹೈಡ್ರಾಕ್ಸೈಡ್, ಲಿವರ್. ಮೊದಲ ನಾಲ್ಕರಲ್ಲಿ ಎರಡು ತಪ್ಪಾದರೆ ಮುಂದಿನ ಭಾಗಕ್ಕೆ ಎರಡು ವಾರ ಪೂರ್ತಿ ಕೊಡಿ. ನಾಚಿಕೆ ಏನೂ ಬೇಡ. ಯಾರೂ ಮಾರ್ಕ್ಸ್ ಕೊಡುತ್ತಿಲ್ಲ, ಅಲ್ವಾ?

ಅಳತೆ: ಇಲ್ಲಿ ಆತುರ ಬೇಡ

ಗ್ರಾಂನಿಂದ ಮಿಲಿಗ್ರಾಂಗೆ 1000 ಸಲ, ಮಿಲಿಗ್ರಾಂನಿಂದ ಮೈಕ್ರೋಗ್ರಾಂಗೆ ಮತ್ತೆ 1000 ಸಲ. ಇದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ಮರೆತುಹೋಗುತ್ತದೆ. ಗುಳಿಗೆಯ ಪಟ್ಟಿ ಹಿಡಿದು ಕಲಿತರೆ ಉಳಿಯುತ್ತದೆ. ಥೈರಾಯ್ಡ್ ಗುಳಿಗೆ 25, 50, 100 ಮೈಕ್ರೋಗ್ರಾಂನಲ್ಲಿ ಬರುತ್ತದೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ. ಎರಡರ ನಡುವೆ ಎಷ್ಟು ಪಟ್ಟು ವ್ಯತ್ಯಾಸ? 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ. ಅಂದರೆ 5000 ಪಟ್ಟು. ಇದು ಒಮ್ಮೆ ಮನಸ್ಸಿಗೆ ತಟ್ಟಿದರೆ ಮೈಕ್ರೋ ಮತ್ತು ಮಿಲಿ ಮತ್ತೆ ಅದಲುಬದಲಾಗುವುದಿಲ್ಲ.

ವಾರಕ್ಕೊಂದು ನುಂಗುವ ವಿಟಮಿನ್ ಡಿ ಗುಳಿಗೆಯ ಮೇಲೆ 60,000 ಐಯು (ಇಂಟರ್‌ನ್ಯಾಷನಲ್ ಯೂನಿಟ್) ಅಂತ ಇರುತ್ತದೆ. ಈ ವಿಟಮಿನ್‌ಗೆ 40 ಐಯು ಅಂದರೆ 1 ಮೈಕ್ರೋಗ್ರಾಂ. ಭಾಗಿಸಿ ನೋಡಿ. 1500 ಮೈಕ್ರೋಗ್ರಾಂ, ಅಂದರೆ ಬರೀ ಒಂದೂವರೆ ಮಿಲಿಗ್ರಾಂ! ದೊಡ್ಡ ಅಂಕಿ ಕಂಡಾಗೆಲ್ಲ ದೊಡ್ಡ ಡೋಸ್ ಅಂದುಕೊಳ್ಳುವ ಚಟ ಅಲ್ಲಿಗೇ ಬಿಡುತ್ತದೆ.

ಬರೆಯುವ ರೀತಿಯನ್ನೂ ಈಗಲೇ ಸರಿಮಾಡಿಕೊಳ್ಳಿ. ಚುಕ್ಕೆಯ ಹಿಂದೆ ಸೊನ್ನೆ ಬೇಕೇ ಬೇಕು: 0.5 ಅಂತ ಬರೆಯಿರಿ, .5 ಅಂತ ಬೇಡ. ಚುಕ್ಕೆ ಕಾಣದಿದ್ದರೆ ಅದು 5 ಆಗುತ್ತದೆ. ಹಾಗೆಯೇ 5 ಎನ್ನುವುದನ್ನು 5.0 ಅಂತ ಬರೆಯಬೇಡಿ. ಅಲ್ಲಿ ಚುಕ್ಕೆ ಅಳಿಸಿದರೆ 50.

ಈಗ ನನ್ನದೇ ಒಂದು ಪೆದ್ದತನ ಹೇಳುತ್ತೇನೆ. ನಾನು ಮೊದಲ ವರ್ಷದಲ್ಲಿದ್ದಾಗ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಲೀಟರ್ ಮಾಡಬೇಕಿತ್ತು. ನಾರ್ಮಲ್ ಅಂದರೆ ದ್ರಾವಣ ಎಷ್ಟು ಗಟ್ಟಿ ಎನ್ನುವುದರ ಒಂದು ಅಳತೆ. ಅದರ ಅಣುತೂಕ 40. ಒಂದು ನಾರ್ಮಲ್‌ಗೆ ಲೀಟರಿಗೆ 40 ಗ್ರಾಂ, 0.1 ನಾರ್ಮಲ್‌ಗೆ 4 ಗ್ರಾಂ. ನಾನು ಸೀದಾ 40 ಗ್ರಾಂ ತೂಗಿ ನೀರಿಗೆ ಹಾಕಿದೆ. ಬೀಕರ್ ಬಿಸಿಯಾಯಿತು, ಕೈಯಲ್ಲಿ ಹಿಡಿಯಲು ಆಗಲಿಲ್ಲ. ಆಗಲೂ ನನಗೆ ತಪ್ಪು ಹೊಳೆಯಲಿಲ್ಲ. ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಶನ್‌ನಲ್ಲಿ ಎರಡೇ ಎಂಎಲ್‌ಗೆ ಬಣ್ಣ ಬದಲಾದಾಗ ಮಾಸ್ತರರು ಬಂದು ಬಾಟಲಿ ನೋಡಿ ನಕ್ಕರು.

ಅವತ್ತಿನಿಂದ ನನ್ನದೊಂದು ಪದ್ಧತಿ ಇದೆ, ನನ್ನ ವಿದ್ಯಾರ್ಥಿಗಳಿಗೂ ಇದೇ ಕಡ್ಡಾಯ. ತಕ್ಕಡಿ ಮುಟ್ಟುವ ಮೊದಲು ಅಂದಾಜು ಉತ್ತರವನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು. ಒಂದು ಚಮಚವೋ, ಒಂದು ಚಿಟಿಕೆಯೋ, ಒಂದು ಹಿಡಿಯೋ? ಆಮೇಲೆ ಕ್ಯಾಲ್ಕ್ಯುಲೇಟರ್. ಎರಡೂ ಹೊಂದದಿದ್ದರೆ ತೂಗಬಾರದು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ ಇದನ್ನೇ ಮಾಡುತ್ತಾಳೆ. ನೀವು ಲೆಕ್ಕ ತಪ್ಪಿ 500ರ ನೋಟಿಗೆ ಜಾಸ್ತಿ ಚಿಲ್ಲರೆ ಕೇಳಿದರೆ ಕೂಡಿಸುವ ಮೊದಲೇ ಅವಳಿಗೆ ಗೊತ್ತಾಗುತ್ತದೆ.

ಪರ್ಸೆಂಟ್ ಮತ್ತು ಅನುಪಾತ

ಪರ್ಸೆಂಟ್ ಅಂದರೆ ನೂರಕ್ಕೆ ಎಷ್ಟು ಎನ್ನುವುದು ಎಲ್ಲರಿಗೂ ಗೊತ್ತು. ಫಾರ್ಮಸಿಯಲ್ಲಿ ಕೇಳಬೇಕಾದ ಪ್ರಶ್ನೆ: ಯಾವುದರ ನೂರಕ್ಕೆ ಯಾವುದು? ದ್ರವದಲ್ಲಿ ಕರಗಿದ ಪುಡಿಯಾದರೆ 100 ಎಂಎಲ್‌ಗೆ ಎಷ್ಟು ಗ್ರಾಂ. ದ್ರವದಲ್ಲಿ ದ್ರವವಾದರೆ 100 ಎಂಎಲ್‌ಗೆ ಎಷ್ಟು ಎಂಎಲ್. ಮುಲಾಮಾದರೆ 100 ಗ್ರಾಂಗೆ ಎಷ್ಟು ಗ್ರಾಂ. ಇಷ್ಟೇ. ನಾರ್ಮಲ್ ಸಲೈನ್ 0.9 ಪರ್ಸೆಂಟ್, ಹಾಗಾಗಿ 500 ಎಂಎಲ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪು. ಲಿಗ್ನೊಕೇನ್ 2 ಪರ್ಸೆಂಟ್ ಅಂದರೆ 100 ಎಂಎಲ್‌ಗೆ 2 ಗ್ರಾಂ, ಎಂಎಲ್‌ಗೆ 20 ಮಿಲಿಗ್ರಾಂ. ಪರ್ಸೆಂಟನ್ನು 10ರಿಂದ ಗುಣಿಸಿದರೆ ಎಂಎಲ್‌ಗೆ ಮಿಲಿಗ್ರಾಂ ಸಿಗುತ್ತದೆ. ಯಾಕೆ 10 ಅಂತ ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಿ, ಸುಮ್ನೆ ನೆನಪಿಟ್ಟುಕೊಳ್ಳಬೇಡಿ.

ಅನುಪಾತ ಯಾಕೆ ಮುಖ್ಯ ಅಂತ ತಿಳಿಯಲು ಒಂದು ಅಭ್ಯಾಸ. 10 ಕೆಜಿ ತೂಕದ ಮಗು. ಡಾಕ್ಟರ್ ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಅಂದಿದ್ದಾರೆ ಎಂದುಕೊಳ್ಳಿ. ಒಂದು ಸಲಕ್ಕೆ 150 ಮಿಲಿಗ್ರಾಂ. ಅಂಗಡಿಯಲ್ಲಿ ಮೂರು ಬಾಟಲಿ ಇವೆ. 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್, 5 ಎಂಎಲ್‌ಗೆ 250 ಇರುವ ಸಿರಪ್, ಎಂಎಲ್‌ಗೆ 100 ಇರುವ ಡ್ರಾಪ್ಸ್. ಮೊದಲನೆಯದು 6 ಎಂಎಲ್ ಬೇಕು, ಎರಡನೆಯದು 3, ಡ್ರಾಪ್ಸ್ ಆದರೆ ಒಂದೂವರೆ ಎಂಎಲ್. ಈಗ ಯಾರೋ ಸಿರಪ್ ಅಂದುಕೊಂಡು ಡ್ರಾಪ್ಸನ್ನೇ 6 ಎಂಎಲ್ ಕುಡಿಸಿದರೆ? 600 ಮಿಲಿಗ್ರಾಂ, ಬೇಕಾದ್ದರ ನಾಲ್ಕು ಪಟ್ಟು. ಆ ತಪ್ಪು ಹಿಡಿಯುವುದು ನಿಮ್ಮ ಕೆಲಸ ಆಗಲಿದೆ. ಇಲ್ಲಿ ಇದು ಬರೀ ಲೆಕ್ಕ ಕಲಿಯಲು. ಮನೆಯಲ್ಲಿ ಡೋಸ್ ಕಟ್ಟಲು ಹೋಗಬೇಡಿ.

ಆಲಿಗೇಶನ್ ಎಂಬ ಹೆಸರು ಕೇಳಿ ಬೆಚ್ಚುವವರು ಜಾಸ್ತಿ. ಎರಡನ್ನು ಬೆರೆಸಿ ನಡುವಿನದೊಂದನ್ನು ಪಡೆಯುವ ಲೆಕ್ಕ ಅಷ್ಟೇ. ಜೋಳದ ಅಂಗಡಿಯಲ್ಲಿ ಇದು ದಿನಾ ನಡೆಯುತ್ತದೆ. ಕೆಜಿಗೆ 60 ರೂಪಾಯಿಯ ಜೋಳ, 40 ರೂಪಾಯಿಯ ಜೋಳ ಬೆರೆಸಿ 45ಕ್ಕೆ ಮಾರಬೇಕು. ಯಾವುದು ಎಷ್ಟು? 45ರಿಂದ 40ಕ್ಕೆ ಅಂತರ 5, ಅದು ದುಬಾರಿ ಜೋಳದ ಪಾಲು. 60ಕ್ಕೆ ಅಂತರ 15, ಅದು ಅಗ್ಗದ ಜೋಳದ ಪಾಲು. ಒಂದಕ್ಕೆ ಮೂರು. ಈಗ ಜೋಳ ತೆಗೆದು ಆಲ್ಕೋಹಾಲ್ ಇಡಿ. 95 ಪರ್ಸೆಂಟ್ ಆಲ್ಕೋಹಾಲ್, ನೀರು 0 ಪರ್ಸೆಂಟ್, ಬೇಕಾದ್ದು 70. ಆಲ್ಕೋಹಾಲ್ 70 ಪಾಲು, ನೀರು 25 ಪಾಲು. ಒಂದು ಲೀಟರ್ ಮಾಡಲು ಸುಮಾರು 737 ಎಂಎಲ್ ಆಲ್ಕೋಹಾಲ್ ತೆಗೆದುಕೊಂಡು ನೀರಿನಿಂದ ಒಂದು ಲೀಟರ್ ಗೆರೆಗೆ ತುಂಬಿಸಬೇಕು. ನೀರನ್ನು 263 ಎಂಎಲ್ ಅಂತ ಅಳೆದು ಹಾಕಿದರೆ ಗೆರೆ ಮುಟ್ಟುವುದಿಲ್ಲ, ಏಕೆಂದರೆ ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. ಜೋಳ ಕುಗ್ಗುವುದಿಲ್ಲ. ಹೋಲಿಕೆ ಅಲ್ಲಿಗೆ ಮುಗಿಯಿತು.

ಒಂದು ಓಆರ್‌ಎಸ್ ಪೊಟ್ಟಣ ತನ್ನಿ

ಮೋಲ್ ಎಂಬುದು ಹೈಸ್ಕೂಲಿನಲ್ಲಿ ಬಂದು, ಪಿಯುಸಿಯಲ್ಲಿ ಕಾಡಿ, ಕೊನೆಗೆ ಅರ್ಥವಾಗದೆ ಉಳಿಯುವ ವಿಷಯ. ಇದಕ್ಕೆ ನಾನು ಬಳಸುವ ಪಾಠಪುಸ್ತಕ ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ. ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರೆದಿರುವುದನ್ನೇ ತನ್ನಿ, ಒಂದು ಲೀಟರಿನದು.

ಹಿಂದೆ ಇರುವ ಪಟ್ಟಿ ಓದಿ. ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಒಟ್ಟು 20.5 ಗ್ರಾಂ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ ಅಳತೆ ಇದು. ಪಕ್ಕದಲ್ಲೇ ಇನ್ನೊಂದು ಪಟ್ಟಿ ಇರಬಹುದು: ಸೋಡಿಯಂ 75, ಕ್ಲೋರೈಡ್ 65, ಗ್ಲೂಕೋಸ್ 75, ಪೊಟ್ಯಾಸಿಯಂ 20, ಸಿಟ್ರೇಟ್ 10, ಒಟ್ಟು 245. ಗ್ರಾಂ ಲೆಕ್ಕದಲ್ಲಿ ಗ್ಲೂಕೋಸ್ ಉಪ್ಪಿನ ಐದು ಪಟ್ಟು ಇದೆ. ಎರಡನೇ ಪಟ್ಟಿಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಸಮ ಸಮ. ಇದು ಹೇಗೆ?

ಮೊದಲನೆಯದು ತೂಕ, ಎರಡನೆಯದು ಎಣಿಕೆ. ಮೋಲ್ ಅಂದರೆ ಎಣಿಕೆ, ಡಜನ್ ಇದ್ದ ಹಾಗೆ. ಒಂದು ಡಜನ್ ನಿಂಬೆಹಣ್ಣು, ಒಂದು ಡಜನ್ ಕಲ್ಲಂಗಡಿ. ಎಣಿಕೆ ಒಂದೇ, ತೂಕ ಬೇರೆ. ಗ್ಲೂಕೋಸ್ ಅಣುತೂಕ 180, ಅಂದರೆ ಒಂದು ಮೋಲ್ ಗ್ಲೂಕೋಸ್ 180 ಗ್ರಾಂ ತೂಗುತ್ತದೆ. 13.5ನ್ನು 180ರಿಂದ ಭಾಗಿಸಿದರೆ 0.075 ಮೋಲ್, ಅಂದರೆ 75 ಮಿಲಿಮೋಲ್. ಪಟ್ಟಿಗೆ ಸರಿಯಾಯಿತು.

ಸೋಡಿಯಂಗೆ ಸ್ವಲ್ಪ ತಲೆ ಬೇಕು, ಎರಡು ಕಡೆಯಿಂದ ಬರುತ್ತದೆ. ಸೋಡಿಯಂ ಕ್ಲೋರೈಡ್ ಅಣುತೂಕ 58.5. 2.6ನ್ನು ಭಾಗಿಸಿದರೆ 44.4 ಮಿಲಿಮೋಲ್. ಸೋಡಿಯಂ ಸಿಟ್ರೇಟ್ ಅಣುತೂಕ 294, ಎರಡು ನೀರಿನ ಅಣು ಸೇರಿ. 2.9ನ್ನು ಭಾಗಿಸಿದರೆ ಸುಮಾರು 9.9. ಆದರೆ ಒಂದೊಂದು ಸಿಟ್ರೇಟ್‌ಗೆ ಮೂರು ಸೋಡಿಯಂ ಅಂಟಿಕೊಂಡಿವೆ. ಹಾಗಾಗಿ 29.6. ಕೂಡಿಸಿ: 74. ಪಟ್ಟಿಯಲ್ಲಿ 75 ಇದೆ, ಅದು ದುಂಡು ಮಾಡಿದ ಅಂಕಿ. ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನೀವೇ ಮಾಡಿ. ಪೊಟ್ಯಾಸಿಯಂ ಕ್ಲೋರೈಡ್ ಅಣುತೂಕ 74.5. ಸಿಟ್ರೇಟಿನ ಮೂರನ್ನು ಯಾಕೆ ಗುಣಿಸಬೇಕು ಅಂತ ಅರ್ಥವಾದ ಕ್ಷಣವೇ ವೇಲೆನ್ಸಿಯೂ ಅರ್ಥವಾಯಿತು ಅಂತ ತಿಳಿಯಿರಿ.

ಪೊಟ್ಟಣ ಬಿಸಾಡಬೇಡಿ, ಬಯಾಲಜಿಯೂ ಅದರಲ್ಲೇ ಇದೆ. ಭೇದಿಗೆ ಕೊಡುವ ನೀರಿನಲ್ಲಿ ಸಕ್ಕರೆ ಯಾಕೆ? ಶಕ್ತಿಗೆ ಅಂತ ಎಲ್ಲರೂ ಬರೆಯುತ್ತಾರೆ. ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ, ಅದು ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಒಳಗೆ ಬಿಡುತ್ತದೆ. ಎರಡು ಸೋಡಿಯಂ, ಒಂದು ಗ್ಲೂಕೋಸ್. ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡರೆ ಉಲ್ಟಾ ಆಗುತ್ತದೆ. ಕರುಳಿನ ಒಳಗಿನ ದ್ರಾವಣ ಗಟ್ಟಿಯಾಗಿ ದೇಹದ ನೀರನ್ನೇ ತನ್ನ ಕಡೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಹತ್ತನೇ ತರಗತಿಗೂ ಮೊದಲು ಒಣದ್ರಾಕ್ಷಿ ನೆನೆಹಾಕಿ ನೋಡಿದ ಆಸ್ಮೋಸಿಸ್ ಇದೇ. ದ್ರಾಕ್ಷಿ ಬೆಳೆಯುವ ನಾಡಿನವರು ಮರೆಯಬಾರದು!

ಇನ್ನೊಂದು ಲೆಕ್ಕ ನಮ್ಮ ಜಿಲ್ಲೆಯ ನೆಲದಲ್ಲೇ ಇದೆ. ಇಲ್ಲಿನ ಸಿಮೆಂಟ್ ಕಾರ್ಖಾನೆಗೆ ಹೋಗುವ ಸುಣ್ಣದಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಗುಳಿಗೆಯಲ್ಲೂ ಅದೇ, ಆದರೆ ಶುದ್ಧ ಮಾಡಿದ್ದು. ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16ರಂತೆ ಮೂರು. ಒಟ್ಟು 100. ಅಂದರೆ ನೂರಕ್ಕೆ 40 ಮಾತ್ರ ಕ್ಯಾಲ್ಸಿಯಂ. ಗುಳಿಗೆಯ ಪಟ್ಟಿಯಲ್ಲಿ 1250 ಮಿಲಿಗ್ರಾಂ ಕಾರ್ಬೊನೇಟ್, 500 ಮಿಲಿಗ್ರಾಂ ಕ್ಯಾಲ್ಸಿಯಂಗೆ ಸಮ ಅಂತ ಯಾಕೆ ಬರೆದಿದೆ ಎಂದು ಈಗ ಹೇಳಬಲ್ಲಿರಿ. ಇದೇ ರೀತಿ, ಏಳು ನೀರಿನ ಅಣು ಇರುವ ಫೆರಸ್ ಸಲ್ಫೇಟ್ ಅಣುತೂಕ 278, ಕಬ್ಬಿಣ 56. 60 ಮಿಲಿಗ್ರಾಂ ಕಬ್ಬಿಣಕ್ಕೆ ಎಷ್ಟು ತೂಗಬೇಕು? 300ರ ಹತ್ತಿರ ಬರಬೇಕು.

ಲಾಗ್, ಪಿಎಚ್, ಹಾಫ್ ಲೈಫ್

ಇಲ್ಲಿ ಬೇಗ ಮುಗಿಸುತ್ತೇನೆ. ಲಾಗ್ ಅಂದರೆ 10ನ್ನು ಎಷ್ಟು ಸಲ ಗುಣಿಸಿದ್ದೀರಿ ಎನ್ನುವ ಎಣಿಕೆ. 1000ಕ್ಕೆ 3, 100ಕ್ಕೆ 2. ನಡುವಿನ ಸಂಖ್ಯೆಗಳಿಗೆ ನಡುವಿನ ಉತ್ತರ. 2ರ ಲಾಗ್ 0.3010, ಇದೊಂದನ್ನು ನೆನಪಿಡಿ. ಪಿಎಚ್ ಒಂದು ಮೆಟ್ಟಿಲು ಇಳಿದರೆ ಆಮ್ಲ ಹತ್ತು ಪಟ್ಟು ಏರುತ್ತದೆ. ರಕ್ತದ ಪಿಎಚ್ 7.35ರಿಂದ 7.45ರ ನಡುವೆ, ಜಠರದ್ದು ಖಾಲಿ ಹೊಟ್ಟೆಯಲ್ಲಿ 2ರ ಆಸುಪಾಸು. ಐದು ಮೆಟ್ಟಿಲಿಗೂ ಜಾಸ್ತಿ ಅಂತರ, ಅಂದರೆ ಒಂದು ಲಕ್ಷ ಪಟ್ಟಿಗೂ ಜಾಸ್ತಿ.

ಹಾಫ್ ಲೈಫ್ ಅಂದರೆ ದೇಹದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಇದಕ್ಕೆ ಒಂದು ರೊಟ್ಟಿ ಸಾಕು. ಅರ್ಧ ಹರಿಯಿರಿ, ಉಳಿದ ಅರ್ಧದಲ್ಲಿ ಮತ್ತೆ ಅರ್ಧ, ಮತ್ತೆ ಅರ್ಧ. ನಾಲ್ಕು ಸಲಕ್ಕೆ ಉಳಿಯುವುದು 6.25 ಪರ್ಸೆಂಟ್. 4 ಗಂಟೆ ಹಾಫ್ ಲೈಫ್ ಇರುವ ಔಷಧಿ 16 ಗಂಟೆಯಲ್ಲಿ ಅಷ್ಟಕ್ಕೆ ಇಳಿದಿರುತ್ತದೆ. ಪುಸ್ತಕದಲ್ಲಿ ಬರುವ 0.693 ಎಂಬ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಅರ್ಧ ಮಾಡುವುದರಿಂದ ಬಂದದ್ದು, 2ರ ನ್ಯಾಚುರಲ್ ಲಾಗ್.

ಬಯಾಲಜಿ ಓದದವರಿಗೆ: ಒಂದು ಗುಳಿಗೆಯ ಹಿಂದೆ ಹೋಗಿ

ಅಂಗಾಂಗಗಳ ಪಟ್ಟಿ ಬಾಯಿಪಾಠ ಮಾಡಬೇಡಿ. ದೊಡ್ಡ ಹಾಳೆಯ ಮೇಲೆ ಒಂದು ಗುಳಿಗೆಯ ದಾರಿ ಬರೆಯಿರಿ. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು. ಅಲ್ಲಿಂದ ಪೋರ್ಟಲ್ ವೇನ್ ಮೂಲಕ ಲಿವರ್. ಲಿವರ್‌ನಿಂದ ಹೃದಯ, ಶ್ವಾಸಕೋಶ, ಮತ್ತೆ ಹೃದಯ, ಆಮೇಲೆ ಮೈಯೆಲ್ಲ. ಕೊನೆಗೆ ಕಿಡ್ನಿ, ಮೂತ್ರ. ಪ್ರತಿ ನಿಲ್ದಾಣದಲ್ಲಿ ಗುಳಿಗೆಗೆ ಏನಾಯಿತು ಅಂತ ಒಂದು ಸಾಲು. ಈಗ ಒಂದು ಪ್ರಶ್ನೆ. ಎದೆನೋವಿಗೆ ಕೆಲವು ಗುಳಿಗೆಯನ್ನು ನಾಲಿಗೆ ಕೆಳಗೆ ಇಡುತ್ತಾರೆ, ಯಾಕೆ? ನಿಮ್ಮ ಹಾಳೆಯಲ್ಲೇ ಉತ್ತರ ಇದೆ. ನಾಲಿಗೆಯ ಕೆಳಗಿನ ರಕ್ತ ಲಿವರ್ ನಿಲ್ದಾಣಕ್ಕೆ ಹೋಗದೆ ಸೀದಾ ಹೃದಯಕ್ಕೆ ಹೋಗುತ್ತದೆ. ಲಿವರ್ ಒಡೆದುಹಾಕುವ ಔಷಧಿ ಪಾರಾಗುತ್ತದೆ, ಬೇಗ ತಲುಪುತ್ತದೆ.

ಕನ್ನಡ ಮಾಧ್ಯಮದವರಿಗೆ

ನಾನೂ ಅಲ್ಲಿಂದಲೇ ಬಂದವನು. ನಮ್ಮ ತೊಂದರೆ ವಿಜ್ಞಾನದ್ದಲ್ಲ, ಪದಗಳದ್ದು. ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಕ್ಕೆ ಐದು ಪದ ಸಾಕು. ಎಡಗಡೆ ಸಾಲ್ಯೂಟ್, ಬಲಗಡೆ ದ್ರಾವ್ಯ. ಎಡಗಡೆ ಸಾಲ್ವೆಂಟ್, ಬಲಗಡೆ ದ್ರಾವಕ. ಉದ್ದ ಪದಗಳನ್ನು ರೊಟ್ಟಿಯ ಹಾಗೆ ಹರಿಯಿರಿ. ಹೈಪೊ ಅಂದರೆ ಕಡಿಮೆ, ಹೈಪರ್ ಅಂದರೆ ಜಾಸ್ತಿ, ಎಮಿಯಾ ಅಂದರೆ ರಕ್ತದಲ್ಲಿ. ಸೋಡಿಯಂಗೆ ಎನ್‌ಎ ಎಂಬ ಚಿಹ್ನೆ ನೇಟ್ರಿಯಂ ಎಂಬ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹಾಗಾದರೆ ಹೈಪೊನೇಟ್ರೀಮಿಯಾ ಅಂದರೆ ಏನು? ಡಿಕ್ಷನರಿ ಬೇಕಾಗಲಿಲ್ಲ, ಅಲ್ವಾ?

ಬುನಾದಿ ತೀರಾ ಅಲುಗಾಡುತ್ತಿದ್ದರೆ 8, 9, 10ನೇ ತರಗತಿಯ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಿ. ಅದೇ ಅಧ್ಯಾಯವನ್ನು ಇಂಗ್ಲಿಷ್ ಮಾಧ್ಯಮದ ಪುಸ್ತಕದಲ್ಲಿ ಪಕ್ಕದಲ್ಲಿಟ್ಟು ಓದಿ. ನನ್ನ ಮಟ್ಟಿಗೆ ದುಡ್ಡು ಕೊಟ್ಟು ಹೋಗುವ ಟ್ಯೂಷನ್‌ಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಸೀನಿಯರ್‌ಗಳಿಗೆ ಒಂದು ಮಾತು

ಜೂನಿಯರ್ ಬಂದು "ಅಕ್ಕಾರ, ಈ ಲೆಕ್ಕ ಹೇಳಿಕೊಡ್ರಿ" ಅಂದರೆ ಉತ್ತರ ಬರೆದು ಕೊಡಬೇಡಿ. ಯಾವ ಊರು, ಮನೆಯಲ್ಲಿ ಏನು ಕೆಲಸ ಅಂತ ಕೇಳಿ. ನೇಕಾರರ ಮನೆಯವರಿಗೆ ನೂಲಿನ ಲೆಕ್ಕ, ಕಬ್ಬಿನವರಿಗೆ ಟನ್ನು ಮತ್ತು ಇಳುವರಿ, ಕಿರಾಣಿಯವರಿಗೆ ಪಾವು ಕೆಜಿ. ಎಲ್ಲರ ಮನೆಯಲ್ಲೂ ಒಂದು ಅನುಪಾತ ಇದ್ದೇ ಇರುತ್ತದೆ. ಮೊದಲು ಅದನ್ನು ಬಿಡಿಸಲಿ. ಆಮೇಲೆ ಅದೇ ಹಾಳೆಯಲ್ಲಿ ಔಷಧಿಯ ಹೆಸರು ಹಾಕಿ.

ಆ ದ್ರಾಕ್ಷಿ ತೋಟದ ಹುಡುಗ ದೀಪಾವಳಿ ರಜೆ ಮುಗಿಸಿ ಬಂದವನು ಕಾರಿಡಾರಿನಲ್ಲಿ ನಿಲ್ಲಿಸಿದ. "ಸರ್, ಅವತ್ತು ಕೇಳಿದ್ರಲ್ರೀ, 0.2 ಪರ್ಸೆಂಟ್ ರೀ. ಆದ್ರ ಅಪ್ಪಾರು ಮುಚ್ಚಳದಾಗ ಅಳದು ಹಾಕ್ತಾರ. ಮುಚ್ಚಳ ಅಳದು ನೋಡಿದೆ, 25 ಎಂಎಲ್ ಐತಿ. ಒಂದೂವರಿ ಮುಚ್ಚಳ ಹಾಕ್ತಾರ್ರೀ."

"ಹಂಗಾರ ಎಷ್ಟು ಪರ್ಸೆಂಟ್ ಆತು?" ಅಂದೆ. ಅವನು ಬ್ಯಾಗಿನಿಂದ ಪೆನ್ಸಿಲ್ ತೆಗೆದ.